ಸರ್ವರ್ ಕೋಣೆಗೆ ಕರೆಂಟ್ ತಪ್ಪದಂತೆ ನೋಡಿಕೊಳ್ಳುವುದು ಹೇಗೆ: ಲೋಡ್ ಅಳತೆಯಿಂದ ಪರೀಕ್ಷೆಯವರೆಗೆ

ಕರೆಂಟ್ ಹೋಗಿ ಡಿಜಿ (ಡೀಸೆಲ್ ಜನರೇಟರ್) ಓಡುತ್ತಿತ್ತು. ಕಾಂಪೌಂಡಿನ ಮೂಲೆಯಿಂದ ಅದರ ಸದ್ದು ಮೊದಲ ಮಹಡಿಯವರೆಗೂ ಕೇಳುತ್ತಿತ್ತು. ಆ ಸದ್ದು ಕೇಳಿಯೇ ಎಲ್ಲರೂ ನಿಶ್ಚಿಂತೆಯಿಂದ ಕೂತಿದ್ದರು. ಸರ್ವರ್ ಕೋಣೆಯೊಳಗೆ ಮಾತ್ರ ಯುಪಿಎಸ್ ಬೀಪ್ ಹೊಡೆಯುತ್ತಲೇ ಇತ್ತು. ಹನ್ನೊಂದನೇ ನಿಮಿಷಕ್ಕೆ ಬೀಪ್ ನಿಂತಿತು, ಅದರ ಜೊತೆ ಫ್ಯಾನುಗಳ ಸದ್ದೂ ನಿಂತಿತು. ಎರಡು ದಿನ ಮೊದಲು ಸರ್ವಿಸ್‌ಗೆ ಬಂದಿದ್ದ ಮೆಕ್ಯಾನಿಕ್ ಡಿಜಿಯ ಔಟ್‌ಪುಟ್ ಬ್ರೇಕರ್ ಇಳಿಸಿ ಕೆಲಸ ಮಾಡಿದ್ದ. ಎಂಜಿನ್ ಓಡಿಸಿ ನೋಡಿ, ಸರಿಯಿದೆ ಎಂದು ಹೊರಟುಹೋದ. ಬ್ರೇಕರ್ ಮೇಲೆತ್ತಿರಲಿಲ್ಲ. ಅದನ್ನು ನೋಡಬೇಕಾಗಿದ್ದವನು ನಾನು, ನಾನೂ ನೋಡಿರಲಿಲ್ಲ.

ಅಲ್ಲಿ ಯಾವ ಯಂತ್ರವೂ ಕೆಟ್ಟಿರಲಿಲ್ಲ. ಯುಪಿಎಸ್ ಒಳ್ಳೆಯದು, ಬ್ಯಾಟರಿ ಹೊಸದು, ಎಂಜಿನ್ ಗಟ್ಟಿ. ಕೆಟ್ಟದ್ದು ಒಂದರ ಕೈಯಿಂದ ಇನ್ನೊಂದರ ಕೈಗೆ ಲೋಡ್ ಹೋಗಬೇಕಾಗಿದ್ದ ಜಾಗ. ಅಂದಿನಿಂದ ಯಾವ ಸರ್ವರ್ ಕೋಣೆಗೆ ಹೋದರೂ ನಾನು ಮೊದಲು ನೋಡುವುದು ಆ ಜಾಗಗಳನ್ನು: ಹೊರಗಿನ ಲೈನಾದ ಮೈನ್ಸ್‌ನಿಂದ ಬ್ಯಾಟರಿಗೆ, ಬ್ಯಾಟರಿಯಿಂದ ಡಿಜಿಗೆ, ಡಿಜಿಯಿಂದ ಮತ್ತೆ ಮೈನ್ಸ್‌ಗೆ. ಈ ಮಾರ್ಗದರ್ಶಿಯನ್ನೂ ಆ ಕಣ್ಣಿನಿಂದಲೇ ಬರೆದಿದ್ದೇನೆ. ಕಾಲೇಜು, ಸಹಕಾರಿ ಬ್ಯಾಂಕು, ಆಸ್ಪತ್ರೆ, ಮಧ್ಯಮ ಗಾತ್ರದ ಕಂಪನಿಗಳಲ್ಲಿ ಇರುವಂಥ, ಸುಮಾರು 40 ಕಿಲೋವ್ಯಾಟ್ ಲೋಡಿನ ಕೋಣೆಯೊಂದನ್ನು ಉದಾಹರಣೆಗೆ ಇಟ್ಟುಕೊಂಡು ಲೆಕ್ಕ ಮಾಡೋಣ. ದೊಡ್ಡ ಡೇಟಾ ಸೆಂಟರಿನಲ್ಲೂ ತರ್ಕ ಇದೇ, ಅಂಕಿಗಳು ಮಾತ್ರ ದೊಡ್ಡವು.

ಹಂತ 1: ಲೋಡ್ ಅಳೆಯಿರಿ, ಊಹಿಸಬೇಡಿ

ಸರ್ವರಿನ ಹಿಂದೆ ಅಂಟಿಸಿರುವ ಲೇಬಲ್‌ನಲ್ಲಿ ಬರೆದ ವ್ಯಾಟುಗಳನ್ನು ಕೂಡಿಸಿದರೆ ಲೆಕ್ಕ ಹಾದಿ ತಪ್ಪುತ್ತದೆ. ಆ ಅಂಕಿ ಪವರ್ ಸಪ್ಲೈ ಹೊರಬಲ್ಲ ಗರಿಷ್ಠ. ಸರ್ವರ್ ನಿಜವಾಗಿ ಎಳೆಯುವುದು ಅದಕ್ಕಿಂತ ಬಹಳ ಕಡಿಮೆ. ಕೇಬಲಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದು ಮೂರೂ ಫೇಸ್‌ಗಳಲ್ಲಿ ಅಳೆಯಿರಿ, ಅದನ್ನೂ ಒಂದು ದಿನ ಅಳೆದು ಬಿಡಬೇಡಿ. ಬ್ಯಾಂಕಾದರೆ ತಿಂಗಳ ಕೊನೆ, ಕಾಲೇಜಾದರೆ ಫಲಿತಾಂಶದ ದಿನ, ಎಲ್ಲ ಕಡೆಯೂ ರಾತ್ರಿ ಬ್ಯಾಕಪ್ ಓಡುವ ಹೊತ್ತು. ಗರಿಷ್ಠ ಸಿಗುವುದು ಆಗ.

ಕರೆಂಟ್ ವಾಪಸಾಗುವ ನ್ಯೂಟ್ರಲ್ ತಂತಿಗೂ ಮೀಟರ್ ಹಾಕಿ. ಫೇಸ್‌ಗಳು ಸರಿಸಮ ಇದ್ದರೂ ನ್ಯೂಟ್ರಲ್‌ನಲ್ಲಿ ಒಳ್ಳೆಯ ಕರೆಂಟ್ ಹರಿಯುತ್ತಿದ್ದರೆ ಗಾಬರಿಯಾಗಬೇಡಿ. ಕಂಪ್ಯೂಟರಿನ ಪವರ್ ಸಪ್ಲೈಗಳು ಹುಟ್ಟಿಸುವ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ಆವರ್ತನದ ಕರೆಂಟ್) ಮೂರೂ ಫೇಸ್‌ಗಳಿಂದ ಬಂದು ಅಲ್ಲಿ ಒಟ್ಟಾಗುತ್ತದೆ. ಆದ್ದರಿಂದ ಹಣ ಉಳಿಸಲು ನ್ಯೂಟ್ರಲ್ ಕೇಬಲ್ ಸಪೂರ ಮಾಡುವ ಪದ್ಧತಿ ಇಲ್ಲಿ ಸಲ್ಲದು.

ನಮ್ಮ ಕೋಣೆಯಲ್ಲಿ ಅಳತೆ 40 ಕಿಲೋವ್ಯಾಟ್ ಬಂತು ಎನ್ನೋಣ. ಮುಂದಿನ ನಾಲ್ಕೈದು ವರ್ಷದ ಬೆಳವಣಿಗೆಗೆ ಕಾಲು ಭಾಗ ಸೇರಿಸಿದರೆ 50. ಇನ್ನು ಮುಂದಿನ ಲೆಕ್ಕವೆಲ್ಲ ಈ 50ರ ಮೇಲೆ.

ಹಂತ 2: ಎಷ್ಟು ಹೊತ್ತು ನಿಂತರೆ ತಡೆದುಕೊಳ್ಳಬಹುದು ಎಂದು ಮೊದಲೇ ಬರೆದಿಡಿ

ಇದು ಎಂಜಿನಿಯರ್ ಒಬ್ಬನೇ ಉತ್ತರಿಸುವ ಪ್ರಶ್ನೆಯಲ್ಲ, ಆಡಳಿತ ಮಂಡಳಿ ಸಹಿ ಹಾಕಬೇಕಾದದ್ದು. ವರ್ಷದಲ್ಲಿ ಶೇ. 99.9 ಹೊತ್ತು ಸರ್ವರ್ ಓಡುತ್ತಿರಬೇಕು ಎಂದರೆ ಒಟ್ಟು ಸುಮಾರು 8 ಗಂಟೆ 45 ನಿಮಿಷ ನಿಲ್ಲಬಹುದು. ಶೇ. 99.99 ಎಂದರೆ 53 ನಿಮಿಷಕ್ಕಿಂತ ಕಡಿಮೆ. ಕಾಗದದ ಮೇಲೆ ಒಂದು ಅಂಕಿ ಹೆಚ್ಚು, ಖರ್ಚಿನಲ್ಲಿ ಬಹುಪಾಲು ಎರಡರಷ್ಟು.

ಅಪ್‌ಟೈಮ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಡೇಟಾ ಸೆಂಟರುಗಳನ್ನು ನಾಲ್ಕು ಟಿಯರ್‌ಗಳಾಗಿ ವಿಂಗಡಿಸಿದೆ. ಶೇಕಡಾವಾರುಗಳಿಗಿಂತ ಅದರ ಹಿಂದಿನ ಯೋಚನೆ ನಮಗೆ ಉಪಯೋಗಕ್ಕೆ ಬರುತ್ತದೆ. ಮೂರನೇ ಟಿಯರ್‌ನ ಸಾರ ಇಷ್ಟು: ಯಾವುದೇ ಒಂದು ಯಂತ್ರವನ್ನು, ಯಾವುದೇ ಒಂದು ಕೇಬಲನ್ನು ರಿಪೇರಿಗೆ ತೆಗೆದರೂ ಸರ್ವರ್ ನಿಲ್ಲಬಾರದು. ನಾಲ್ಕನೆಯದು ಇನ್ನೂ ಮುಂದೆ ಹೋಗಿ, ತಾನಾಗಿ ಒಂದು ಕೆಟ್ಟರೂ ನಿಲ್ಲಬಾರದು ಎನ್ನುತ್ತದೆ. ಸಣ್ಣ ಸಂಸ್ಥೆಗೆ ಪ್ರಮಾಣಪತ್ರ ಬೇಕಿಲ್ಲ. ಆದರೆ "ಈ ಬ್ರೇಕರ್ ಬದಲಿಸಬೇಕಾದರೆ ಏನು ನಿಲ್ಲಿಸಬೇಕು?" ಎಂಬ ಪ್ರಶ್ನೆಯನ್ನು ನಕಾಶೆಯ ಪ್ರತಿ ಡಬ್ಬಿಯ ಮೇಲೂ ಬೆರಳಿಟ್ಟು ಕೇಳಿಕೊಳ್ಳಿ. ಉತ್ತರ ಹೇಳಲು ತಡವರಿಸಿದ ಡಬ್ಬಿಯೇ ನಿಮ್ಮ ದುರ್ಬಲ ಜಾಗ.

ಹಂತ 3: ಹೊರಗಿನ ಲೈನ್

ಬೆಸ್ಕಾಂ, ಹೆಸ್ಕಾಂ ಎಂದು ಹೆಸರು ಬದಲಾಗಿ ಇಪ್ಪತ್ತು ವರ್ಷ ದಾಟಿದರೂ ನಮ್ಮ ಪ್ಯಾನಲ್ ಕೋಣೆಗಳಲ್ಲಿ ಅದು ಇನ್ನೂ "ಕೆಇಬಿ ಕರೆಂಟ್". 11 ಕೆವಿ ಲೈನು ನಿಮ್ಮ ಟ್ರಾನ್ಸ್‌ಫಾರ್ಮರ್‌ಗೆ ಬಂದು 415 ವೋಲ್ಟ್ ಆಗುತ್ತದೆ. ಸಾಧ್ಯವಿದ್ದರೆ ಎರಡು ಬೇರೆ ಫೀಡರ್ (ಸಬ್‌ಸ್ಟೇಷನ್ನಿನಿಂದ ಬರುವ ಲೈನು) ಕೇಳಿ. ಕೇಳುವಾಗ ಸೆಕ್ಷನ್ ಆಫೀಸಿಗೆ ಹೋಗಿ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಎರಡೂ ಒಂದೇ ಸಬ್‌ಸ್ಟೇಷನ್ನಿನಿಂದ ಹೊರಟು, ಒಂದೇ ಕಂಬದ ಮೇಲೆ, ಒಂದೇ ಮರದ ಕೊಂಬೆಯ ಕೆಳಗೆ ಬರುತ್ತಿವೆಯೇ? ಹಾಗಿದ್ದರೆ ಅದು ಎರಡು ಬಿಲ್ ಬರುವ ಒಂದೇ ಲೈನು.

ಎರಡು ಸಬ್‌ಸ್ಟೇಷನ್ ಇದ್ದರೂ ಗ್ರಿಡ್ ಒಂದೇ ಎಂಬುದು ನೆನಪಿರಲಿ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್, ಎರಡನೇ ದಿನ ಪೂರ್ವ ಮತ್ತು ಈಶಾನ್ಯದ ಗ್ರಿಡ್‌ಗಳೂ ಕುಸಿದು ಕೋಟ್ಯಂತರ ಜನ ಕತ್ತಲಲ್ಲಿದ್ದಾಗ ಕರ್ನಾಟಕಕ್ಕೆ ಅದರ ಬಿಸಿ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿಯೇ ತನ್ನ ಲಯದಲ್ಲಿ ಓಡುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣವೂ ಸೇರಿಕೊಂಡಿತು, ದೇಶವೆಲ್ಲ ಒಂದೇ ಲಯಕ್ಕೆ ಬಂತು. ಅದರಿಂದ ಲಾಭ ಬಹಳ. ಆದರೆ ಹೊರಗಿನ ಲೈನು ಎಷ್ಟೇ ಇರಲಿ, ಅವೆಲ್ಲ ಒಟ್ಟಿಗೆ ಹೋಗುವ ದಿನ ಒಂದಿರಬಹುದು ಎಂದುಕೊಂಡೇ ಒಳಗಿನ ಏರ್ಪಾಟು ಮಾಡಬೇಕು.

ಮುಖ್ಯ ಪ್ಯಾನಲಿನಲ್ಲಿ, ಸಿಡಿಲಿನಿಂದ ದಿಢೀರ್ ಏರುವ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಏಪ್ರಿಲ್–ಮೇ ತಿಂಗಳ ಸಿಡಿಲು ಮಳೆಗೆ ಮುಂಚೆ ಅದರ ಕಿಟಕಿ ಹಸಿರಿದೆಯೋ ಕೆಂಪಾಗಿದೆಯೋ ನೋಡಿ. ಕೆಂಪಾಗಿದ್ದರೆ ಅದು ತನ್ನ ಕೆಲಸ ಮಾಡಿ ಮುಗಿಸಿದೆ, ಬದಲಿಸಿ.

ಹಂತ 4: ಯುಪಿಎಸ್

ಸರ್ವರಿನ ಪವರ್ ಸಪ್ಲೈ ಕರೆಂಟ್ ಇಲ್ಲದೆ ತಡೆಯುವುದು 10ರಿಂದ 20 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸ್ ಕರೆಂಟಿನ ಅರ್ಧದಿಂದ ಒಂದು ಸುತ್ತು ಮುಗಿಯುವಷ್ಟು ಹೊತ್ತು. ಹಾಗಾಗಿ ಮನೆಯ ಇನ್ವರ್ಟರ್ ಥರದ್ದು ಇಲ್ಲಿ ಆಗದು. ಆನ್‌ಲೈನ್ ಡಬಲ್ ಕನ್ವರ್ಷನ್ ಯುಪಿಎಸ್ಸೇ ಬೇಕು. ಅದರಲ್ಲಿ ಸರ್ವರ್ ಸದಾ ಇನ್ವರ್ಟರಿನಿಂದಲೇ ಉಣ್ಣುತ್ತದೆ. ಮೈನ್ಸ್ ಹೋದದ್ದು ಅದಕ್ಕೆ ತಿಳಿಯುವುದೇ ಇಲ್ಲ.

50 ಕಿಲೋವ್ಯಾಟಿಗೆ 60 ಕೆವಿಎಯ ಎರಡು ಯುಪಿಎಸ್ ತೆಗೆದುಕೊಳ್ಳಿ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಭಾಗ ನಿಜವಾದ ಕಿಲೋವ್ಯಾಟ್ ಎಂಬ ಅನುಪಾತ) 0.9 ಎಂದಿದ್ದರೆ ಒಂದೊಂದೂ 54 ಕಿಲೋವ್ಯಾಟ್ ಕೊಡುತ್ತದೆ, ಆದ್ದರಿಂದ ಒಂದು ಕೆಟ್ಟರೆ ಇನ್ನೊಂದು ಇಡೀ ಕೋಣೆಯನ್ನು ಹೊರುತ್ತದೆ. 0.8 ಎಂದಿದ್ದರೆ 48ಕ್ಕೇ ನಿಲ್ಲುತ್ತದೆ, ಸಾಲದು. ಕೊಟೇಷನ್‌ನಲ್ಲಿ ಕೆವಿಎ ದಪ್ಪಕ್ಷರದಲ್ಲಿರುತ್ತದೆ. ನೀವು ಕಿಲೋವ್ಯಾಟ್ ಕೇಳಿ.

ಎರಡು ಇರುವ ಕಡೆ ನಿಧಾನವಾಗಿ ಆಗುವ ತಪ್ಪೊಂದಿದೆ. ವರ್ಷ ಕಳೆದಂತೆ ಸರ್ವರುಗಳನ್ನು ಜೋಡಿಸುವ ಹೊಸ ರ್‍ಯಾಕ್ ಬರುತ್ತದೆ, ಎರಡೂ ಯುಪಿಎಸ್ ಶೇ. 60ಕ್ಕೆ ಏರುತ್ತವೆ, ಡಿಸ್‌ಪ್ಲೇ ಹಸಿರಾಗಿಯೇ ಇರುತ್ತದೆ. ಒಂದು ಬಿದ್ದ ಕ್ಷಣ ಇನ್ನೊಂದರ ಮೇಲೆ ಶೇ. 120 ಬಂದು ಅದೂ ಬೀಳುತ್ತದೆ. ಪ್ರತಿಯೊಂದರ ಲೋಡ್ ಶೇ. 40 ದಾಟಿದ ದಿನವೇ ಮೇಲಿನವರಿಗೆ ಪತ್ರ ಬರೆಯಿರಿ.

ಯುಪಿಎಸ್ ರಿಪೇರಿಗೆ ತೆಗೆಯುವಾಗ ಲೋಡನ್ನು ನೇರ ಮೈನ್ಸ್ ಮೇಲೆ ಹಾಕುವ ಮೆಂಟೆನೆನ್ಸ್ ಬೈಪಾಸ್ ಸ್ವಿಚ್ ಬಗ್ಗೆ ಒಂದು ಮಾತು. ಅದರ ಹಂತಗಳನ್ನು ಕನ್ನಡದಲ್ಲಿ, ಸಂಖ್ಯೆ ಹಾಕಿ, ದೊಡ್ಡ ಅಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕದಲ್ಲೇ ಅಂಟಿಸಿ. ರಾತ್ರಿ ಎರಡು ಗಂಟೆಗೆ ಅದನ್ನು ತಿರುಗಿಸುವವರು ಇಂಗ್ಲಿಷ್ ಮ್ಯಾನುಯಲ್ ಹುಡುಕುತ್ತಾ ನಿಲ್ಲಬಾರದು. 2017ರ ಮೇ 27ರಂದು ಬ್ರಿಟಿಷ್ ಏರ್‌ವೇಸ್‌ನ ಲಂಡನ್ ಡೇಟಾ ಸೆಂಟರ್ ನಿಂತು ಸುಮಾರು 75,000 ಪ್ರಯಾಣಿಕರು ಪರದಾಡಿದರು. ಕರೆಂಟ್ ಕಡಿತಗೊಂಡದ್ದಕ್ಕಿಂತ ಅದು ಹಿಡಿತವಿಲ್ಲದೆ ಒಮ್ಮೆಲೇ ವಾಪಸ್ ಬಂದದ್ದರಿಂದ ಹೆಚ್ಚು ಹಾನಿಯಾಯಿತು ಎಂದು ಅದರ ಮಾತೃಸಂಸ್ಥೆಯ ಮುಖ್ಯಸ್ಥರು ಹೇಳಿದ್ದರು. ಎಲ್ಲವೂ ನಿಂತ ಮೇಲೆ ಮತ್ತೆ ಆನ್ ಮಾಡುವಾಗ ರ್‍ಯಾಕ್ ರ್‍ಯಾಕಾಗಿ, ಮೊದಲು ನೆಟ್‌ವರ್ಕ್, ಆಮೇಲೆ ಸ್ಟೋರೇಜ್, ಕೊನೆಗೆ ಸರ್ವರ್. ಈ ಕ್ರಮವೂ ಗೋಡೆಯ ಮೇಲಿರಲಿ.

ಹಂತ 5: ಬ್ಯಾಟರಿ

ನನ್ನ ಅನುಭವದಲ್ಲಿ ಇಡೀ ಸರಪಳಿಯಲ್ಲಿ ಸದ್ದಿಲ್ಲದೆ ಸಾಯುವುದು ಇದೊಂದೇ. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಎಷ್ಟು ನಿಮಿಷ ಬೇಕು? ಡಿಜಿ ಒಂದು ನಿಮಿಷದೊಳಗೆ ಬರುವುದಾದರೆ ಐದು ನಿಮಿಷ ಸಾಕು ಎನ್ನುವವರಿದ್ದಾರೆ. ನಾನು 15 ಎನ್ನುತ್ತೇನೆ. ಡಿಜಿ ತಾನಾಗಿ ಬರದಿದ್ದಾಗ ಸೆಕ್ಯೂರಿಟಿಯವರು ಫೋನ್ ಮಾಡಿ, ಒಬ್ಬರು ಓಡಿಹೋಗಿ, ಬೀಗ ತೆಗೆದು, ಕೈಯಿಂದ ಸ್ಟಾರ್ಟ್ ಮಾಡಲು ಬೇಕಾಗುವ ಸಮಯ ಅದು. ಅದೂ ಆಗದಿದ್ದರೆ ಸರ್ವರುಗಳನ್ನು ಕ್ರಮವಾಗಿ ಶಟ್‌ಡೌನ್ ಮಾಡುವಷ್ಟು ಹೊತ್ತು ಉಳಿದಿರಬೇಕು.

ಈಗ ಲೆಕ್ಕ. 50 ಕಿಲೋವ್ಯಾಟ್ ಲೋಡ್, ಇನ್ವರ್ಟರ್ ದಕ್ಷತೆ ಶೇ. 95, ಹಾಗಾಗಿ ಬ್ಯಾಟರಿಯಿಂದ ಎಳೆಯುವುದು ಸುಮಾರು 52.6 ಕಿಲೋವ್ಯಾಟ್. 12 ವೋಲ್ಟಿನ 32 ಬ್ಯಾಟರಿಗಳ ಒಂದು ಸಾಲಿನಲ್ಲಿ ಬ್ಯಾಟರಿಗೆ 6 ಸೆಲ್‌ನಂತೆ 192 ಸೆಲ್. ಭಾಗಿಸಿದರೆ ಸೆಲ್ಲಿಗೆ 274 ವ್ಯಾಟ್. ಬ್ಯಾಟರಿ ಮುದಿಯಾದಾಗಲೂ ಇಷ್ಟು ಸಿಗಬೇಕು, ಅದಕ್ಕೆ ಶೇ. 25 ಸೇರಿಸಿ: ಸುಮಾರು 342. ಈಗ ಬ್ಯಾಟರಿ ಕಂಪನಿಯ ಟೇಬಲ್ ತೆಗೆದು, ಸೆಲ್ಲಿಗೆ 1.75 ವೋಲ್ಟ್ ಅಂತಿಮ (ಅದಕ್ಕಿಂತ ಕೆಳಗೆ ಹೀರಬಾರದು), 15 ನಿಮಿಷದ ಕಾಲಮ್ಮಿನಲ್ಲಿ ಆ ವ್ಯಾಟನ್ನು ಹುಡುಕಿ. ಎರಡು ಸಾಲು ಹಾಕುವುದಾದರೆ ಸಾಲಿಗೆ ಅರ್ಧ, ಸೆಲ್ಲಿಗೆ 171. ಎರಡು ಸಾಲು ಹಾಕಿ ಎಂದೇ ನನ್ನ ಸಲಹೆ, ಅದೂ ಯುಪಿಎಸ್ ಒಂದೊಂದಕ್ಕೂ ಅದರದೇ ಎರಡು ಸಾಲು. ಒಂದೇ ಸಾಲಾದರೆ ಒಂದು ಬ್ಯಾಟರಿ ಓಪನ್ ಆದರೂ (ಒಳಗೆ ಸಂಪರ್ಕ ತುಂಡಾದರೂ) 32ಕ್ಕೆ 32 ವ್ಯರ್ಥ.

ಕೇವಲ ಆಂಪಿಯರ್-ಅವರ್ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಬ್ಯಾಟರಿಯ ಮೇಲಿರುವ "100 ಎಎಚ್" ಎನ್ನುವುದು ಹತ್ತು ಇಪ್ಪತ್ತು ಗಂಟೆ ಹಿಡಿದು ನಿಧಾನವಾಗಿ ಹೀರಿದರೆ ಸಿಗುವ ಲೆಕ್ಕ. ಹದಿನೈದು ನಿಮಿಷದಲ್ಲಿ ಬಸಿದುಕೊಳ್ಳಲು ಹೋದರೆ ಅದರ ಅರ್ಧದ ಆಸುಪಾಸು ಮಾತ್ರ ಕೈಗೆ ಬರುತ್ತದೆ.

ಉಷ್ಣತೆ ಈ ಎಸ್‌ಎಂಎಫ್ (ಸೀಲ್ ಮಾಡಿದ, ನೀರು ಹಾಕಬೇಕಿಲ್ಲದ) ಬ್ಯಾಟರಿಗಳ ಶತ್ರು. 25 ಡಿಗ್ರಿಗಿಂತ ಪ್ರತಿ 8–10 ಡಿಗ್ರಿ ಹೆಚ್ಚಾದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಮೆಟ್ಟಿಲಿನ ಕೆಳಗಿನ ಗೂಡಿನಲ್ಲಿ ಇಟ್ಟ ಬ್ಯಾಟರಿ ಎರಡೇ ವರ್ಷಕ್ಕೆ ಉಬ್ಬಿಕೊಂಡರೆ ಕಂಪನಿಯನ್ನು ದೂರುವಂತಿಲ್ಲ. ಎಸಿ ಇರುವ, ಗಾಳಿಯಾಡುವ ಕೋಣೆ ಕೊಡಿ. ಸೀಲ್ ಆಗಿದ್ದರೂ ಒತ್ತಡ ಹೆಚ್ಚಾದಾಗ ಅವು ಹೈಡ್ರೋಜನ್ ಬಿಡುತ್ತವೆ, ಆದ್ದರಿಂದ ಎಕ್ಸಾಸ್ಟ್ ಫ್ಯಾನ್ ಕಡ್ಡಾಯ.

ಮೂರು ತಿಂಗಳಿಗೊಮ್ಮೆ ಪ್ರತಿ ಬ್ಯಾಟರಿಯ ವೋಲ್ಟೇಜ್ ಮತ್ತು ಒಳರೋಧ ಅಳೆದು ಬರೆದಿಡಿ. ಚಾರ್ಜ್ ಆಗುತ್ತಿರುವ ಆರೋಗ್ಯವಂತ 12 ವೋಲ್ಟ್ ಬ್ಯಾಟರಿ 13.5–13.6ರ ಸುತ್ತ ನಿಲ್ಲುತ್ತದೆ. ಅಕ್ಕಪಕ್ಕದ್ದೆಲ್ಲ 13.6 ಇದ್ದು ಒಂದು ಮಾತ್ರ 12.9 ತೋರಿಸಿದರೆ ಆ ಸಾಲಿನ ಗತಿ ಆ ಒಂದರ ಕೈಯಲ್ಲಿದೆ. ಒಳರೋಧ ಹೊಸತಿದ್ದಾಗಿನದ್ದಕ್ಕಿಂತ ಒಂದೂವರೆ ಪಟ್ಟಾದರೆ ಕಾಯಬೇಡಿ. ಸಾಮರ್ಥ್ಯ ಶೇ. 80ಕ್ಕೆ ಇಳಿದರೆ ಬ್ಯಾಟರಿಯ ಆಯಸ್ಸು ಮುಗಿಯಿತು ಎಂದೇ ಲೆಕ್ಕ. ಅಲ್ಲಿಂದಾಚೆ ಅದು ನಿಧಾನವಾಗಿ ಇಳಿಯುವುದಿಲ್ಲ, ಜಾರಿ ಬೀಳುತ್ತದೆ.

ಲಿಥಿಯಂ? ಹಗುರ, ಜಾಗ ಕಡಿಮೆ, ಬಾಳಿಕೆ ಹೆಚ್ಚು. ಹೊಸದಾಗಿ ಹಾಕುವುದಾದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ರಾಸಾಯನಿಕದ್ದನ್ನು ನೋಡಿ, ಇದ್ದದ್ದರಲ್ಲಿ ಸ್ಥಿರವಾದದ್ದು ಅದು. ಆದರೆ ಸರ್ವರ್ ಇರುವ ಕೋಣೆಯಲ್ಲೇ ಅದನ್ನು ಇಡಬೇಡಿ. ದಕ್ಷಿಣ ಕೊರಿಯಾ ಈ ಪಾಠವನ್ನು ಎರಡು ಸಲ ಕಲಿತಿದೆ. 2022ರ ಅಕ್ಟೋಬರ್ 15ರಂದು ಪಾಂಗ್ಯೋದ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಬೆಂಕಿ ಬಿದ್ದು, ಮೆಸೇಜಿಂಗ್ ಮುಂತಾದವಕ್ಕೆ ದೇಶವೇ ಬಳಸುವ ಕಾಕಾವೊ ಸೇವೆಗಳು ದಿನಗಟ್ಟಲೆ ತೊಂದರೆಗೊಳಗಾದವು. 2025ರ ಸೆಪ್ಟೆಂಬರ್ 26ರಂದು ಡೇಜಾನ್‌ನ ಸರ್ಕಾರಿ ಡೇಟಾ ಸೆಂಟರಿನಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸದ ವೇಳೆ ಬೆಂಕಿ ಹೊತ್ತಿ, 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಅಪಾಯ ತಪ್ಪಿಸಲು ಹೊರಟ ಕೆಲಸದಲ್ಲೇ ಅಪಾಯವಾಯಿತು. ನೌಕರರು ಕಡತ ಇಡುತ್ತಿದ್ದ 858 ಟೆರಾಬೈಟ್ ಸ್ಟೋರೇಜ್ ಸುಟ್ಟುಹೋಯಿತು, ಅದಕ್ಕೆ ಬೇರೆಡೆ ಪ್ರತಿ ಇರಲಿಲ್ಲ.

ಹಂತ 6: ಡಿಜಿ ಮತ್ತು ಡೀಸೆಲ್

ಡಿಜಿ ಹೊರುವುದು ಸರ್ವರನ್ನಷ್ಟೇ ಅಲ್ಲ. 50 ಐಟಿ ಲೋಡ್, 3 ಯುಪಿಎಸ್ ನಷ್ಟ, ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು 5, ಎಸಿಗಳಿಗೆ 25, ದೀಪ ಇತ್ಯಾದಿಗೆ 2. ಒಟ್ಟು 85 ಕಿಲೋವ್ಯಾಟ್. ಡಿಜಿಯ ಪವರ್ ಫ್ಯಾಕ್ಟರ್ 0.8, ಹಾಗಾಗಿ 106 ಕೆವಿಎ. ಅದನ್ನು ಶೇ. 70ರ ಲೋಡಿನಲ್ಲಿ ಓಡಿಸುವುದಾದರೆ 152. ಮಾರುಕಟ್ಟೆಯಲ್ಲಿ ಸಿಗುವ ಹತ್ತಿರದ ಗಾತ್ರ 160 ಕೆವಿಎ.

ಇನ್ನೂ ದೊಡ್ಡದು ತಂದರೆ ಒಳ್ಳೆಯದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಅಲ್ಲ. ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ಓಡುತ್ತಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಎಣ್ಣೆಯಾಗಿ ಎಕ್ಸಾಸ್ಟ್ ಪೈಪಿನಲ್ಲಿ ಕೂರುತ್ತದೆ, ಎಂಜಿನ್ ಬಲ ಕಳೆದುಕೊಳ್ಳುತ್ತದೆ. ಸೈಲೆನ್ಸರಿನ ಸಂದಿಯಿಂದ ಕಪ್ಪು ಜಿಡ್ಡು ಸೋರಿದ ಗುರುತು ಇದ್ದರೆ ಆ ಯಂತ್ರ ಹೊಟ್ಟೆ ತುಂಬ ಕೆಲಸ ಮಾಡಿಲ್ಲ ಎಂದರ್ಥ. ಹೊಸ ಡಿಜಿ ಕೊಳ್ಳುವುದಾದರೆ 800 ಕಿಲೋವ್ಯಾಟ್‌ವರೆಗಿನವುಗಳಿಗೆ 2023ರ ಜುಲೈ 1ರಿಂದ ಸಿಪಿಸಿಬಿ 4 ಪ್ಲಸ್ (ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಹೊಗೆ ಮಿತಿ) ಮಾನದಂಡ ಜಾರಿಯಲ್ಲಿದೆ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್‌ನ ಅನುಮತಿಯ ಕಾಗದ ಡಿಜಿ ಬರುವ ಮೊದಲೇ ಓಡಾಡಲಿ.

ಡೀಸೆಲ್ ಲೆಕ್ಕ ಸರಳ. ಒಂದು ಯೂನಿಟ್‌ಗೆ ಸುಮಾರು 0.27 ಲೀಟರ್ ಹಿಡಿಯಿರಿ. 85 ಕಿಲೋವ್ಯಾಟಿಗೆ ಗಂಟೆಗೆ 23 ಲೀಟರ್. ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಒಂದು ಜಾಗದಲ್ಲಿ ಒಟ್ಟು 2,500 ಲೀಟರ್ ಮೀರದೆ, ಯಾವ ಪಾತ್ರೆಯೂ 1,000 ಲೀಟರ್ ಮೀರದೆ ಇದ್ದರೆ ಡೀಸೆಲ್ ಸಂಗ್ರಹಕ್ಕೆ ಪರವಾನಗಿ ಬೇಡ. ಎಲ್ಲ ಕಡೆ 990 ಲೀಟರಿನ ಟ್ಯಾಂಕೇ ಕಾಣುವುದು ಇದಕ್ಕಾಗಿ. ತಳದ ಕೆಸರು ಬಿಟ್ಟು 900 ಲೀಟರ್ ಸಿಕ್ಕರೆ ನಮ್ಮ ಕೋಣೆ 39 ಗಂಟೆ ಓಡುತ್ತದೆ. ಬಂದ್ ದಿನ ಬಂಕ್ ಮುಚ್ಚಿರುತ್ತದೆ, ಘಟ್ಟದಲ್ಲಿ ಗುಡ್ಡ ಕುಸಿದರೆ ಟ್ಯಾಂಕರ್ ಬರುವುದಿಲ್ಲ. ನಿಮ್ಮ ಊರಿನ ಲೆಕ್ಕವನ್ನು ನೀವೇ ಹಾಕಿ.

ಡೀಸೆಲ್ ಹಳಸುತ್ತದೆ. ಟ್ಯಾಂಕಿನ ಗೋಡೆಗೆ ಕೂತ ತೇವ ಇಳಿದು ತಳದಲ್ಲಿ ನೀರಾಗುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಲೋಳೆಯಂತೆ ಬೆಳೆದು ಫಿಲ್ಟರ್ ಕಟ್ಟುತ್ತದೆ. ತಿಂಗಳಿಗೊಮ್ಮೆ ತಳದ ನಲ್ಲಿ ತೆರೆದು ಗಾಜಿನ ಬಾಟಲಿಗೆ ಅರ್ಧ ಲೀಟರ್ ಹಿಡಿದು ಬೆಳಕಿಗೆ ಎತ್ತಿ ನೋಡಿ. ಕೆಳಗೆ ಬೇರೆ ಪದರ ಕಂಡರೆ ಅದು ನೀರು. ಬರೀ ಡೀಸೆಲ್ ಬರುವವರೆಗೆ ಬಸಿದುಬಿಡಿ.

ಇಷ್ಟೆಲ್ಲ ಇದ್ದೂ ಡಿಜಿ ಸ್ಟಾರ್ಟ್ ಆಗದಿರಲು ನಾನು ಹೆಚ್ಚು ಸಲ ಕಂಡ ಕಾರಣ ಅದರದೇ ಪುಟ್ಟ ಬ್ಯಾಟರಿ. ಅದಕ್ಕೆ ಮೈನ್ಸ್‌ನಿಂದ ಓಡುವ ಚಾರ್ಜರ್ ಇರಬೇಕು, ಚಾರ್ಜರ್ ಕೆಟ್ಟರೆ ಅಲಾರಂ ಹೊಡೆಯಬೇಕು. ಎರಡು ಮೂರು ವರ್ಷಕ್ಕೆ, ಚೆನ್ನಾಗಿದ್ದರೂ, ಬದಲಿಸಿ.

ಹಂತ 7: ಕೈ ಬದಲಾಗುವ ಆ ಅರ್ಧ ನಿಮಿಷ

ಮೈನ್ಸ್ ಹೋಯಿತು. ಅದೇ ಕ್ಷಣ ಯುಪಿಎಸ್ ಬ್ಯಾಟರಿಗೆ ಹೋಗುತ್ತದೆ. ಮೈನ್ಸ್ ಹೋದಾಗ ತಾನಾಗಿ ಡಿಜಿ ಶುರು ಮಾಡುವ ಎಎಂಎಫ್ ಪ್ಯಾನಲ್ ಮೂರರಿಂದ ಐದು ಸೆಕೆಂಡ್ ಕಾಯುತ್ತದೆ, ಏಕೆಂದರೆ ನಮ್ಮ ಲೈನುಗಳಲ್ಲಿ ಕಣ್ಣು ಮಿಟುಕಿಸಿದಂತೆ ಹೋಗಿ ಬರುವ ಕರೆಂಟೇ ಹೆಚ್ಚು. ಆಮೇಲೆ ಕ್ರ್ಯಾಂಕ್, ಅಂದರೆ ಸ್ಟಾರ್ಟರ್ ಎಂಜಿನನ್ನು ತಿರುಗಿಸುತ್ತದೆ. ಎಂಜಿನ್ ಹಿಡಿದು ವೋಲ್ಟೇಜ್, ಹರ್ಟ್ಸ್ ಸ್ಥಿರವಾಗಲು ಸುಮಾರು ಹತ್ತು ಸೆಕೆಂಡ್. ಹಿಡಿಯದಿದ್ದರೆ ಮೂರು ಸಲ ಪ್ರಯತ್ನ. ನಂತರ ಮೈನ್ಸ್ ಕಾಂಟ್ಯಾಕ್ಟರ್ (ತಾನಾಗಿ ಹಿಡಿದು ಬಿಡುವ ದೊಡ್ಡ ಸ್ವಿಚ್) ಬಿಟ್ಟು ಡಿಜಿ ಕಾಂಟ್ಯಾಕ್ಟರ್ ಹಿಡಿಯುತ್ತದೆ. ಎಲ್ಲ ಸರಿಯಿದ್ದರೆ ಅರ್ಧ ನಿಮಿಷದೊಳಗೆ ಮುಗಿಯುವ ಆಟ.

ಇಲ್ಲಿ ನೀವು ನೋಡಬೇಕಾದ ಜಾಗಗಳು ನಾಲ್ಕು. ಒಂದು, ಮೈನ್ಸ್–ಡಿಜಿ ಬದಲಿಸುವ ಚೇಂಜ್‌ಓವರ್ ನಾಲ್ಕು ಪೋಲಿನದ್ದಿರಲಿ (ಮೂರು ಫೇಸ್, ಒಂದು ನ್ಯೂಟ್ರಲ್), ಮೈನ್ಸ್ ಮತ್ತು ಡಿಜಿಯ ನ್ಯೂಟ್ರಲ್ ಬೇರೆ ಬೇರೆಯಾಗಿ ಬದಲಾಗಲಿ. ಫೇಸ್ ಇದ್ದು ನ್ಯೂಟ್ರಲ್ ಮಾತ್ರ ಬಿಟ್ಟುಹೋದರೆ 230 ವೋಲ್ಟಿನ ಸಾಕೆಟ್ಟಿಗೆ 400ರ ಹತ್ತಿರ ಬಂದು ಸಿಕ್ಕಿದ್ದೆಲ್ಲ ಸುಡುತ್ತದೆ. ಎರಡು, ಕಂಟ್ರೋಲರ್ "ಆಟೋ"ದಲ್ಲಿದೆಯೇ, ಎಮರ್ಜೆನ್ಸಿ ಸ್ಟಾಪ್ ಗುಂಡಿ ಒತ್ತಿ ಕೂತಿಲ್ಲವೇ, ಔಟ್‌ಪುಟ್ ಬ್ರೇಕರ್ ಮೇಲಿದೆಯೇ? ಸರ್ವಿಸ್ ಮುಗಿದ ಮೇಲೆ ಈ ಮೂರನ್ನೂ ಫೋಟೋ ತೆಗೆದು ಗ್ರೂಪಿಗೆ ಹಾಕದೆ ಮೆಕ್ಯಾನಿಕ್‌ಗೆ ಗೇಟ್ ಪಾಸ್ ಕೊಡಬೇಡಿ. ಆರಂಭದಲ್ಲಿ ಹೇಳಿದ ಘಟನೆಯ ನಂತರ ನಾನು ತಂದ ನಿಯಮ ಇದು.

ಮೂರನೆಯದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಡಿಜಿ ಬಂತು, ಚೇಂಜ್‌ಓವರ್ ಆಯಿತು, ಆದರೂ ಯುಪಿಎಸ್ ಬ್ಯಾಟರಿ ಬಿಡುವುದಿಲ್ಲ. ಕಾರಣ, ಡಿಜಿಯ ಹರ್ಟ್ಸ್ 49ಕ್ಕೂ 51ಕ್ಕೂ ತೂಗಾಡುತ್ತಿದ್ದರೆ ಕಟ್ಟುನಿಟ್ಟಿನ ಸೆಟ್ಟಿಂಗ್ ಇರುವ ಯುಪಿಎಸ್ ಅದನ್ನು ಒಪ್ಪುವುದೇ ಇಲ್ಲ. ಒಮ್ಮೆ ಹಿಡಿದು, ಒಮ್ಮೆ ಬಿಟ್ಟು, ಬ್ಯಾಟರಿ ಸವೆಸುತ್ತದೆ. ಯುಪಿಎಸ್ ಎಂಜಿನಿಯರ್ ಮತ್ತು ಡಿಜಿ ಎಂಜಿನಿಯರ್ ಇಬ್ಬರನ್ನೂ ಒಂದೇ ದಿನ ಕರೆಸಿ. ಬೇರೆ ಬೇರೆ ದಿನ ಬಂದರೆ ಪ್ರತಿಯೊಬ್ಬರೂ ಇನ್ನೊಬ್ಬರ ಯಂತ್ರವನ್ನು ತೋರಿಸಿ ಹೋಗುತ್ತಾರೆ. ಎಂಜಿನ್ ವೇಗ ಸ್ಥಿರವಾಗಿಡುವ ಡಿಜಿಯ ಗವರ್ನರ್ ಸರಿಮಾಡಿಸಿ, ಯುಪಿಎಸ್‌ನ ಇನ್‌ಪುಟ್ ಮಿತಿ ಸ್ವಲ್ಪ ಅಗಲಿಸಿ, ಲೋಡನ್ನು ಒಮ್ಮೆಲೇ ಹೇರದೆ ಮೆಲ್ಲಗೆ ಏರಿಸುವ ವಾಕ್-ಇನ್ ಸಮಯವನ್ನು 15–20 ಸೆಕೆಂಡಿಗೆ ಇಡಿಸಿ. ಎರಡು ಯುಪಿಎಸ್ ಇದ್ದರೆ ಒಂದಾದ ಮೇಲೆ ಇನ್ನೊಂದು.

ನಾಲ್ಕು, ವಾಪಸ್ ಹೋಗುವ ದಾರಿ. ಮೈನ್ಸ್ ಬಂದ ತಕ್ಷಣ ಹಾರಬಾರದು. ಬಂದ ಕರೆಂಟ್ ಎರಡೇ ನಿಮಿಷಕ್ಕೆ ಮತ್ತೆ ಹೋಗುವುದು ನಮಗೆಲ್ಲ ಗೊತ್ತಿರುವ ಕಥೆ. ಐದು ನಿಮಿಷ ನೋಡಿ, ಆಮೇಲೆ ಬದಲಾಯಿಸಿ, ಡಿಜಿಯನ್ನು ಇನ್ನೂ ಮೂರು ನಾಲ್ಕು ನಿಮಿಷ ಖಾಲಿ ಓಡಿಸಿ ತಣಿಸಿ ನಿಲ್ಲಿಸುವಂತೆ ಸೆಟ್ ಮಾಡಿ.

ಹಂತ 8: ರ್‍ಯಾಕಿನೊಳಗೆ ಎರಡು ದಾರಿ

ಸರ್ವರಿಗೆ ಎರಡು ಪವರ್ ಸಪ್ಲೈ ಇದ್ದರೆ ಒಂದು "ಎ" ಯುಪಿಎಸ್‌ನಿಂದ, ಇನ್ನೊಂದು "ಬಿ"ಯಿಂದ ಬರಬೇಕು. ಕೇಬಲಿಗೆ ಕೆಂಪು, ನೀಲಿ ಎಂದು ಬಣ್ಣ ಕೊಡಿ. ಎರಡೂ ಕೆಂಪು ಕಂಡ ಸರ್ವರ್ ಕಣ್ಣಿಗೆ ಹೊಡೆಯುತ್ತದೆ. ಒಂದೇ ಪವರ್ ಸಪ್ಲೈ ಇರುವ ಹಳೆಯ ಸಾಧನಗಳಿಗೆ ರ್‍ಯಾಕಿನಲ್ಲಿ ಕೂರುವ ಟ್ರಾನ್ಸ್‌ಫರ್ ಸ್ವಿಚ್ ಸಿಗುತ್ತದೆ. ನೆಟ್‌ವರ್ಕ್ ಸ್ವಿಚ್ಚನ್ನು ಮರೆಯಬೇಡಿ: ಸರ್ವರುಗಳೆಲ್ಲ ಬದುಕಿದ್ದು ಅವುಗಳ ನಡುವಿನ ಒಂದು ಸ್ವಿಚ್ ಸತ್ತರೆ ಹೊರಗಿನವರಿಗೆ ಎಲ್ಲವೂ ಸತ್ತಂತೆಯೇ.

ಹಂತ 9: ಎಸಿಗೂ ಬ್ಯಾಕಪ್ ಬೇಕು

6 ಮೀಟರ್ ಅಗಲ, 8 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿರುವ ಗಾಳಿಯ ತೂಕ ಬೆಂಗಳೂರಿನ ಎತ್ತರದಲ್ಲಿ ಸುಮಾರು 155 ಕೆಜಿ. 50 ಕಿಲೋವ್ಯಾಟ್ ಶಾಖ ಆ ಗಾಳಿಗೆ ಮಾತ್ರ ಸೇರಿದರೆ ಮೂರೇ ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಗೋಡೆ, ರ್‍ಯಾಕ್, ಕಬ್ಬಿಣ ಒಂದಷ್ಟು ಹೀರಿಕೊಳ್ಳುವುದರಿಂದ ಅಷ್ಟು ವೇಗ ಇರದು, ಆದರೂ ಲೆಕ್ಕ ನಿಮಿಷಗಳದ್ದೇ ಹೊರತು ಗಂಟೆಗಳದ್ದಲ್ಲ. ಅದರ ಮೇಲೆ ಎಸಿಯ ಕಂಪ್ರೆಸರ್ ಡಿಜಿ ಬಂದ ಮೇಲೂ ಎರಡು ಮೂರು ನಿಮಿಷ ಕಾದೇ ಶುರುವಾಗುವುದು. ಆದ್ದರಿಂದ ಎಸಿಗಳನ್ನು ಡಿಜಿ ಮೇಲೆ, ಅವುಗಳ ಬ್ಲೋವರ್ ಫ್ಯಾನುಗಳನ್ನು ಸಾಧ್ಯವಾದರೆ ಯುಪಿಎಸ್ ಮೇಲೆ ಹಾಕಿ. ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಟೋ ರೀಸ್ಟಾರ್ಟ್ ಇದೆಯೇ ಪರೀಕ್ಷಿಸಿ. ರಿಮೋಟ್ ಒತ್ತಲು ಕಾಯುವ ಎಸಿ ಸರ್ವರ್ ಕೋಣೆಗೆ ಸಲ್ಲದು.

ಅರ್ಥಿಂಗ್ ಬಗ್ಗೆ ಚುಟುಕಾಗಿ: ಡಿಜಿಗೆ ನಾಲ್ಕು ಪಿಟ್, ನ್ಯೂಟ್ರಲ್‌ಗೆ ಎರಡು, ಬಾಡಿಗೆ ಎರಡು. ರ್‍ಯಾಕಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ 2 ವೋಲ್ಟಿಗಿಂತ ಕಡಿಮೆ ಇರಲಿ. ಬೇಸಿಗೆಯಲ್ಲಿ ಪಿಟ್‌ಗೆ ನೀರು ಹಾಕಿಸಿ.

ಹಂತ 10: ನೀರು ಎಲ್ಲಿ ನಿಲ್ಲುತ್ತದೆ ನೋಡಿ

2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ಬೇಸ್‌ಮೆಂಟುಗಳು ತುಂಬಿ, ಅಲ್ಲಿದ್ದ ಪ್ಯಾನಲ್ಲುಗಳು ಮುಳುಗಿದವು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಸ್ಟೇಷನ್‌ಗೇ ನೀರು ನುಗ್ಗಿ ನಗರಕ್ಕೆ ಕಾವೇರಿ ನೀರು ನಿಂತಿತ್ತು. ಡಿಜಿಯನ್ನು ಮೇಲಿಟ್ಟರೆ ಸಾಲದು ಎಂಬುದಕ್ಕೆ ನ್ಯೂಯಾರ್ಕ್ ಸಾಕ್ಷಿ. 2012ರ ಅಕ್ಟೋಬರ್‌ನ ಸ್ಯಾಂಡಿ ಚಂಡಮಾರುತದಲ್ಲಿ 75 ಬ್ರಾಡ್ ಸ್ಟ್ರೀಟ್ ಕಟ್ಟಡದ ಡಿಜಿ ಮೇಲಿನ ಮಹಡಿಯಲ್ಲಿ ಸುರಕ್ಷಿತವಾಗಿತ್ತು, ಡೀಸೆಲ್ ಎತ್ತುವ ಪಂಪ್ ಮಾತ್ರ ನೆಲಮಾಳಿಗೆಯಲ್ಲಿ ಮುಳುಗಿತು. ಸಿಬ್ಬಂದಿ ಸಾಲಾಗಿ ಮೆಟ್ಟಿಲ ಮೇಲೆ ನಿಂತು, ಡೀಸೆಲ್ ತುಂಬಿದ ಬಕೆಟ್ಟುಗಳನ್ನು ಕೈಯಿಂದ ಕೈಗೆ 17 ಮಹಡಿ ಸಾಗಿಸಿದರು. ಪ್ಯಾನಲ್, ಡಿಜಿ, ಟ್ಯಾಂಕ್, ಪಂಪ್, ಕೇಬಲ್ ಒಳಬರುವ ತೂತು: ಐದನ್ನೂ ನಿಮ್ಮ ಬೀದಿಯಲ್ಲಿ ನೀರು ಏರಿದ ಅತಿ ಎತ್ತರದ ಗುರುತಿಗಿಂತ ಮೇಲಿಡಿ. ಗುರುತು ಎಲ್ಲಿತ್ತೆಂದು ಪಕ್ಕದ ಅಂಗಡಿಯವರನ್ನು ಕೇಳಿ, ಅವರು ಗೋಡೆ ಮುಟ್ಟಿ ತೋರಿಸುತ್ತಾರೆ.

ಹಂತ 11: ಮೈನ್ಸ್ ಇಳಿಸಿ ನೋಡಿ

ವಾರಕ್ಕೊಮ್ಮೆ ಡಿಜಿಯನ್ನು ಹತ್ತು ನಿಮಿಷ ಖಾಲಿ ಓಡಿಸಿ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು ಪರೀಕ್ಷೆಯಲ್ಲ. ಅದರಿಂದ ಎಂಜಿನ್ ತಿರುಗುತ್ತದೆ ಎಂದಷ್ಟೇ ತಿಳಿಯುತ್ತದೆ. ತಿಂಗಳಿಗೊಮ್ಮೆ ನಿಜವಾದ ಲೋಡಿನ ಮೇಲೆ ಕನಿಷ್ಠ ಅರ್ಧ ಗಂಟೆ ಓಡಿಸಬೇಕು. ವರ್ಷಕ್ಕೊಮ್ಮೆ ಲೋಡ್ ಬ್ಯಾಂಕ್ (ಕೃತಕ ಲೋಡ್ ಹೇರುವ ಯಂತ್ರ) ಬಾಡಿಗೆಗೆ ತಂದು ಪೂರ್ಣ ಲೋಡಿನಲ್ಲಿ ಎರಡು ಗಂಟೆ.

ತಿಂಗಳ ಪರೀಕ್ಷೆ ಹೀಗಿರಲಿ. ಭಾನುವಾರ ಬೆಳಿಗ್ಗೆ ಆರು ಗಂಟೆ. ಡೇಟಾ ಬ್ಯಾಕಪ್ ಮುಗಿದಿದೆ ಎಂದು ಐಟಿಯವರು ಬರೆದು ಕೊಟ್ಟಿದ್ದಾರೆ. ಒಬ್ಬರು ಡಿಜಿ ಪಕ್ಕ, ಒಬ್ಬರು ಯುಪಿಎಸ್ ಮುಂದೆ, ಒಬ್ಬರು ಸರ್ವರ್ ಕೋಣೆಯಲ್ಲಿ ಥರ್ಮಾಮೀಟರ್ ಹಿಡಿದು, ಮೂವರೂ ಒಂದೇ ಫೋನ್ ಕಾಲ್‌ನಲ್ಲಿ. ಮುಖ್ಯ ಪ್ಯಾನಲಿಗೆ ಮೈನ್ಸ್ ಒಳಬರುವ ಇನ್‌ಕಮರ್ ಬ್ರೇಕರ್ ಇಳಿಸಿ. ಕಂಟ್ರೋಲರಿನಲ್ಲಿ "ಟೆಸ್ಟ್" ಗುಂಡಿ ಒತ್ತುವುದು ಬೇಡ. ಆ ಗುಂಡಿ ಮೈನ್ಸ್ ಹೋದದ್ದನ್ನು ಗುರುತಿಸುವ ರಿಲೇಯನ್ನು ದಾಟಿಕೊಂಡು ಹೋಗುತ್ತದೆ, ಕೆಟ್ಟಿರಬಹುದಾದದ್ದು ಆ ರಿಲೇಯೇ.

ಈಗ ಎಣಿಸಿ. ಯುಪಿಎಸ್ ಬಳಿ ಇರುವವರು "ಬ್ಯಾಟರಿ" ಎನ್ನುತ್ತಾರೆ. ನಾಲ್ಕು, ಐದು. ಹೊರಗಿನಿಂದ ಕ್ರ್ಯಾಂಕ್ ಸದ್ದು. ಹದಿನೈದರ ಹೊತ್ತಿಗೆ ಎಂಜಿನ್ ಸದ್ದು ಏರಿ ಸ್ಥಿರವಾಗುತ್ತದೆ. ಪ್ಯಾನಲಿನಿಂದ ಕಾಂಟ್ಯಾಕ್ಟರ್ ಬಿದ್ದ "ಧಪ್" ಸದ್ದು, ಎಂಜಿನ್ ಒಮ್ಮೆ ತಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಲೋಡ್ ಹೆಗಲಿಗೆ ಬಂದಾಗ ಎಂಜಿನ್ ಹೀಗೇ ತಗ್ಗುವುದು. ತಗ್ಗದಿದ್ದರೆ ಅದು ಏನನ್ನೂ ಹೊತ್ತಿಲ್ಲ, ಬ್ರೇಕರ್ ನೋಡಿ. ನಂತರ "ಬ್ಯಾಟರಿ ಬಿಟ್ಟಿತು" ಎಂಬ ಮಾತು ಯುಪಿಎಸ್ ಕಡೆಯಿಂದ ಬರಬೇಕು. ಅದು ಬರುವವರೆಗೆ ಯಾರೂ ಫೋನ್ ಇಡಬಾರದು. ಆಮೇಲೆ ಒಂದೊಂದಾಗಿ ಎಸಿಗಳು ಶುರುವಾದ ಸಮಯ, ಕೋಣೆ ಮುಟ್ಟಿದ ಗರಿಷ್ಠ ಉಷ್ಣತೆ.

ಕೋಣೆಯ ಬಾಗಿಲ ಒಳಬದಿಗೆ ಒಂದು ನೂರು ಪುಟದ ನೋಟ್‌ಬುಕ್ ನೇತುಹಾಕಿ. ಪ್ರತಿ ಪರೀಕ್ಷೆಗೆ ಒಂದೇ ಸಾಲು: ತಾರೀಖು, ಮೈನ್ಸ್ ಇಳಿಸಿದ ಸಮಯ, ಡಿಜಿ ಲೋಡ್ ಹಿಡಿದದ್ದು ಎಷ್ಟನೇ ಸೆಕೆಂಡಿಗೆ, ಯುಪಿಎಸ್ ಬ್ಯಾಟರಿ ಬಿಟ್ಟದ್ದು ಎಷ್ಟಕ್ಕೆ, ಬ್ಯಾಟರಿ ವೋಲ್ಟೇಜ್ ಎಲ್ಲಿಗಿಳಿಯಿತು, ಡೀಸೆಲ್ ಮಟ್ಟ, ಸಹಿ. ಆರು ತಿಂಗಳ ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿ ನೋಡಿ. ಡಿಜಿ ಲೋಡ್ ಹಿಡಿಯುವ ಸೆಕೆಂಡ್ ಜನವರಿಯಲ್ಲಿ 17 ಇದ್ದದ್ದು ಮಾರ್ಚ್‌ನಲ್ಲಿ 19, ಜೂನ್‌ನಲ್ಲಿ 26 ಆಗಿದ್ದರೆ ಡಿಜಿಯ ಸ್ಟಾರ್ಟಿಂಗ್ ಬ್ಯಾಟರಿ ಆ ವಾರವೇ ಬದಲಾಗಬೇಕು.